ಸೊಣ್ಣಮ್ಮನ ಹದಿನೇಳು ತವರುಮನೆಗಳು

ಹೆಣ್ಣು ಒಂದು ಮನೆಯಲ್ಲಿ ಹುಟ್ಟಿ, ಮದುವೆಯಾಗಿ ಇನ್ನೊಂದು ಮನೆಗೆ ಬರುತ್ತಾಳೆ ಎಂದು ೧೯೫೮ರಲ್ಲಿ ಎಲ್ಲರೂ ನಂಬಿದ್ದರು. ಸರ್ಕಾರವೂ ನಂಬಿತ್ತು. ಹಾಗಾಗಿ ಬಡಾವಣೆ ಕಚೇರಿಯ ಫಾರಂನಲ್ಲಿ ಒಂಬತ್ತನೆಯ ಕಾಲಂ ಇತ್ತು: ಮುತ್ತಜ್ಜಿಯ ತವರುಮನೆಯ ಹೆಸರು.

ಜಯನಗರದಿಂದ ಇಟ್ಟಮಡುವಿನ ಕಡೆಗೆ ಹೊರಟಿದ್ದ ಹೊಸ ರಸ್ತೆ ಚಿಕ್ಕಬೈರಪ್ಪನ ಅಡುಗೆಮನೆಯ ಮೇಲೆ ಹಾದುಹೋಗಬೇಕಿತ್ತು. ನಾಲ್ಕು ತಲೆಮಾರಿನ ವಂಶಾವಳಿಯನ್ನು, ಹೆಂಗಸರ ಕಡೆಯದನ್ನೂ ಸೇರಿಸಿ, ರುಜುವಾತು ಮಾಡಿದವರ ಮನೆಯನ್ನು ರಸ್ತೆಯು ಕೆಡವದೆ ಬಳಸಿ ಹೋಗತಕ್ಕದ್ದು ಎಂಬ ನಿಯಮವೂ ಇತ್ತು. ಚಿಕ್ಕಬೈರಪ್ಪ ಎಂಟು ಕಾಲಂ ತುಂಬಿದ. ಮುತ್ತಜ್ಜ ಬೋರಣ್ಣ, ಮುತ್ತಜ್ಜಿ ಸೊಣ್ಣಮ್ಮ. ಒಂಬತ್ತನೆಯದರಲ್ಲಿ 'ಗೊತ್ತಿಲ್ಲ' ಎಂದು ಬರೆದ.

ಗುಮಾಸ್ತ ಸೇತುರಾಮ ಫಾರಂ ವಾಪಸು ಕೊಟ್ಟ.

"ಗೊತ್ತಿಲ್ಲ ಅನ್ನೋ ಮನೆತನ ನಮ್ಮ ಪಟ್ಟೀಲಿಲ್ಲ ಕಣ್ರೀ."

"ಅಜ್ಜಿ ಸತ್ತು ಅರವತ್ತು ವರ್ಷ ಆಯ್ತು ಸ್ವಾಮಿ. ಯಾರನ್ನ ಕೇಳ್ಲಿ?"

"ದಾಖಲೆ ಕೇಳಿ. ಬಿಳಿಯರು ಮೂರು ಕೋಣೆ ತುಂಬಾ ಬಿಟ್ಟುಹೋಗಿದ್ದಾರಲ್ಲ."

ಮೊದಲೆರಡು ಕೋಣೆಗಳನ್ನು ಗೆದ್ದಲು ಪರಿಶೀಲಿಸಿ ಮುಗಿಸಿತ್ತು. ಮೂರನೆಯದರಲ್ಲಿ ಕ್ಷಾಮದ ಕಾಲದ ಗಂಜಿ ರಿಜಿಸ್ಟರ್ ಸಿಕ್ಕಿತು. ಯಾರ ಮಗಳೆಂದು ತಿಳಿಯದೆ ಯಾರಿಗೂ ಗಂಜಿ ಹಾಕಬಾರದೆಂದು ಆಗಿನ ಬಿಳಿ ದೊರೆ ಪ್ರತಿ ಕುಟುಂಬವನ್ನೂ ಬರೆಸಿದ್ದ. ಸೊಣ್ಣಮ್ಮನ ಗಂಡ, ಮೂವರು ಮಕ್ಕಳು, ಒಂದು ಎತ್ತು, ತೀರಿಕೊಂಡ ಇನ್ನೊಂದು ಎತ್ತು, ಎಲ್ಲರೂ ಅದರಲ್ಲಿದ್ದರು. ತವರಿನ ಜಾಗದಲ್ಲಿ ಮಾತ್ರ ಒಂದು ಗೆರೆ.

ಅಧಿಕಾರಿ ಜಯಸಿಂಹ ಅಡಿಕೋಲು ತರಿಸಿ ಗೆರೆಯನ್ನು ಅಳೆದರು. ಒಂದೂವರೆ ಅಂಗುಲ. ಏನೂ ಇಲ್ಲವೆಂದು ಹೇಳಲು ಅರ್ಧ ಅಂಗುಲ ಸಾಕು, ಉಳಿದ ಒಂದು ಅಂಗುಲದ ಬಗ್ಗೆ ತನಿಖೆ ಅಗತ್ಯ ಎಂದು ಷರಾ ಬರೆದರು. ತನಿಖೆಗೆ ಜೀಪು ಮಂಜೂರಾಯಿತು.

ಜೀಪು ಮೊದಲು ಚಿಕ್ಕಬೈರಪ್ಪನ ಮನೆಗೇ ಬಂತು. ಅವನ ಸೋದರತ್ತೆ ಅಕ್ಕಯಮ್ಮನಿಗೆ ಎಂಬತ್ತು ವರ್ಷ, ಸೊಣ್ಣಮ್ಮನನ್ನು ಕಣ್ಣಾರೆ ಕಂಡ ಮೊಮ್ಮಗಳು. ಮಜ್ಜಿಗೆ ಕೊಟ್ಟು, ನಮ್ಮಜ್ಜಿ ವಿಷಯವಾ ಎಂದು ಶುರು ಮಾಡಿದಳು. ಜಯಸಿಂಹ ವಿನಯದಿಂದ ತಡೆದರು.

"ನೀವಿನ್ನೂ ಬದುಕಿದ್ದೀರಿ ಅಜ್ಜಿ. ಬದುಕಿರೋರ ಮಾತು ದಾಖಲೆ ಆಗಲ್ಲ."

ಅಕ್ಕಯಮ್ಮ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು.

ಮರುವಾರ ಸುತ್ತಲ ಹಳ್ಳಿಗಳಲ್ಲಿ ತಮಟೆ ಬಾರಿಸಿ ಪ್ರಕಟಿಸಲಾಯಿತು: 'ಸೊಣ್ಣಮ್ಮ ಎಂಬ ಹೆಣ್ಣನ್ನು ಸುಮಾರು ನೂರು ವರ್ಷದ ಹಿಂದೆ ಮದುವೆ ಮಾಡಿಕೊಟ್ಟವರು ಹದಿನೈದು ದಿನದೊಳಗೆ ಹಾಜರಾಗತಕ್ಕದ್ದು.' ಯಾರೂ ಹಾಜರಾಗಲಿಲ್ಲ. ಎರಡನೆಯ ಸಲ ಒಂದು ಸಾಲು ಸೇರಿಸಲಾಯಿತು: 'ಸದರಿಯವರ ಮನೆಯನ್ನೂ ರಸ್ತೆಯು ಬಳಸಿ ಹೋಗುವುದು.' ಹದಿನೇಳು ಮನೆಯವರು ಹಾಜರಾದರು.

ಇಟ್ಟಮಡುವಿನ ಮುನಿಲಕ್ಷ್ಮಮ್ಮ ಕಚೇರಿಯ ಮೆಟ್ಟಿಲ ಮೇಲೆಯೇ ಅಳಲು ಕುಳಿತಳು. ಕೊಟ್ಟ ಹೆಣ್ಣು ಒಂದು ಹಬ್ಬಕ್ಕೂ ಬರಲಿಲ್ಲವೆಂಬುದು ಅವಳ ದೂರು. ತಲಘಟ್ಟಪುರದ ಮರುಳಸಿದ್ದಪ್ಪ ಸೊಣ್ಣಮ್ಮ ಮಲಗಿದ ತೊಟ್ಟಿಲನ್ನೇ ಹೊತ್ತು ತಂದ. ಅದರ ಹಸಿ ಬಣ್ಣ ಜಯಸಿಂಹರ ಅಂಗೈಗೆ ಮೆತ್ತಿಕೊಂಡಿತು. 'ಸುಸ್ಥಿತಿಯಲ್ಲಿದೆ' ಎಂದು ಅವರು ದಾಖಲಿಸಿದರು.

ಆರು ತಿಂಗಳಿಗೆ ಆದೇಶ ಹೊರಬಿತ್ತು. 'ಹದಿನೇಳು ಅರ್ಜಿಗಳೂ ಸಮಾನವಾಗಿ ನಂಬಲರ್ಹವಾದ ಕಾರಣ, ಸದರಿ ಸೊಣ್ಣಮ್ಮನು ಹದಿನೇಳು ಮನೆಗಳಲ್ಲಿಯೂ ಜನಿಸಿದಳೆಂದು ಭಾವಿಸತಕ್ಕದ್ದು.' ಒಂಬತ್ತನೆಯ ಕಾಲಂ ಸಾಲದೆ ಸೇತುರಾಮ ಕಾಗದ ಅಂಟಿಸಿದ.

ರಸ್ತೆ ಚಿಕ್ಕಬೈರಪ್ಪನ ಮನೆಯನ್ನು ಬಳಸಿತು, ಮುನಿಲಕ್ಷ್ಮಮ್ಮನ ಮನೆಯನ್ನು ಬಳಸಿತು. ಮರುಳಸಿದ್ದಪ್ಪನ ಮನೆ ಯಾವ ನಕ್ಷೆಯಲ್ಲೂ ಇರಲಿಲ್ಲ. ಅದನ್ನು ಬಳಸಿ ಹೋಗುವ ಸಲುವಾಗಿ ಅಲ್ಲಿಗೊಂದು ರಸ್ತೆ ಹಾಕಲಾಯಿತು. ಹದಿನೇಳನೆಯ ಮನೆಯನ್ನು ಬಳಸುವ ಹೊತ್ತಿಗೆ ರಸ್ತೆ ಮತ್ತೆ ಜಯನಗರಕ್ಕೆ ಬಂದಿತ್ತು. ವಾಕಿಂಗ್ ಹೊರಟವರು ಹಿಂದಿರುಗುವ ಯೋಚನೆ ಮಾಡಬೇಕಿಲ್ಲವೆಂದು ಬಸವನಗುಡಿಯ ಪಿಂಚಣಿದಾರರು ಪತ್ರಿಕೆಗೆ ಮೆಚ್ಚುಗೆಯ ಪತ್ರ ಬರೆದರು.

ಉಳಿದ ಅಡುಗೆಮನೆಯಲ್ಲಿ ಚಿಕ್ಕಬೈರಪ್ಪ ಊಟ ಹಾಕಿಸಿದ. ಹದಿನೇಳು ತವರಿನವರೂ ಮಡಿಲಕ್ಕಿ ತಂದರು. ಜಯಸಿಂಹ ಮೊದಲ ಪಂಕ್ತಿಯಲ್ಲಿ ಕುಳಿತರು. ಮುನಿಲಕ್ಷ್ಮಮ್ಮ ತನ್ನ ಮೂಗು ತೋರಿಸಿ, ಸೊಣ್ಣಮ್ಮನ ಮೂಗು ಇದೇ ಅಲ್ಲವೇ ಎಂದು ಅಕ್ಕಯಮ್ಮನನ್ನು ಕೇಳಿದಳು.

ಅಕ್ಕಯಮ್ಮ ಮುದ್ದೆ ಮುರಿಯುತ್ತಾ ಹೇಳಿದಳು:

"ನಮ್ಮಜ್ಜಿ ಹುಟ್ಟಿದ್ದು ಈ ಮನೇಲೇ. ನಮ್ಮ ತಾತ ಮನೆ ಅಳಿಯನಾಗಿ ಬಂದೋನು."