ನೋಡುವುದಕ್ಕೆ ಐನೂರು, ಕೆಟ್ಟಿದ್ದರೆ ಅರ್ಧ

ನಮ್ಮ ಭಾವನನ್ನು ಮನೆಗೆ ಕರೆಯುವ ಧೈರ್ಯ ಮುಳಬಾಗಿಲಿನಲ್ಲಿ ಬಹಳ ಜನಕ್ಕಿಲ್ಲ. ಸಾಲ ಕೇಳುತ್ತಾರೆಂದಲ್ಲ, ಜಗಳಗಂಟರೆಂದೂ ಅಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೈಚಾಚಿ ಐನೂರು ರೂಪಾಯಿ ಕೇಳುತ್ತಾರೆ! ಏನಾದರೂ ರಿಪೇರಿ ಮಾಡಿದ್ದಕ್ಕಲ್ಲ ಸ್ವಾಮಿ, ಬರೀ ನೋಡುವುದಕ್ಕೆ!

ಭಾವ ಅಂದರೆ ನನ್ನ ಅಕ್ಕನ ಗಂಡ. ಮೂವತ್ತು ವರ್ಷದಿಂದ ಎಲೆಕ್ಟ್ರಿಷಿಯನ್. ಫ್ಯಾನು ತಿರುಗದಿದ್ದರೆ, ಮೋಟರು ಸುಟ್ಟರೆ, ಮದುವೆ ಮನೆಗೆ ದೀಪದ ಸರ ಬೇಕಾದರೆ ಅವರೇ ಬರಬೇಕು. ಅದಕ್ಕೆಲ್ಲ ನೀವು ಎಷ್ಟು ಕೊಟ್ಟರೂ ತಕರಾರಿಲ್ಲ, ಎಣಿಸದೆ ಜೇಬಿಗಿಡುತ್ತಾರೆ. ಆದರೆ ಮನೆಯ ವೈರಿಂಗ್ ಸರಿಯಾಗಿದೆಯಾ ಒಂದು ಸಲ ನೋಡಿ ಅಂದಿರೋ, ಅಲ್ಲಿಂದ ಅವರ ಕಾನೂನು ಶುರು. ಮೊದಲು ಐನೂರು ಮುಂಗಡ. ನೋಡಿದ ಮೇಲೆ ಎಲ್ಲ ಸರಿಯಾಗಿದ್ದರೆ ಅಷ್ಟೂ ಅವರದು. ಏನಾದರೂ ಕೆಟ್ಟಿದ್ದು ಸಿಕ್ಕರೆ ಅರ್ಧ ವಾಪಸ್ಸು! ಇಂಥ ಉಲ್ಟಾ ಲೆಕ್ಕವನ್ನು ನೀವು ಎಲ್ಲಾದರೂ ಕೇಳಿದ್ದೀರಾ?

“ಕೆಟ್ಟಿದ್ರೆ ಪಾಪ ಅವರಿಗೆ ರಿಪೇರಿ ಖರ್ಚಿರುತ್ತೆ ಕಣೋ. ಚೆನ್ನಾಗಿದ್ರೆ ನೆಮ್ಮದಿಯಾಗಿ ಮಲಗ್ತಾರಲ್ಲ, ಆ ನಿದ್ದೆಗೆ ಕೊಡ್ಲಿ,” ಎನ್ನುವುದು ಭಾವನ ವಾದ. “ಬಿಟ್ಟಿ ನೋಡ್ತೀನಿ ಅಂತ ಬರ್ತಾನಲ್ಲ, ಅವನ ಕಣ್ಣಿಗೆ ಇಡೀ ಮನೆ ಕೆಟ್ಟಿರೋ ಥರಾನೇ ಕಾಣುತ್ತೆ. ಇಲ್ದಿದ್ರೆ ಅವನ ಹೊಟ್ಟೆ ತುಂಬಬೇಕಲ್ಲ!”

ಈ ಮಾತಿನ ಮುಂದೆ ನಾನು ಯಾವತ್ತೂ ಗೆದ್ದಿಲ್ಲ. ನೀವು ಗೆಲ್ಲುತ್ತೀರೆಂದರೆ ಬನ್ನಿ, ಬಸ್ ಸ್ಟ್ಯಾಂಡಿನ ಹಿಂದೆಯೇ ಅವರ ಅಂಗಡಿ.

ಕುರುಡುಮಲೆಯ ಹತ್ತಿರ ರೇಷ್ಮೆ ಹುಳು ಸಾಕುವ ರೈತರೊಬ್ಬರಿದ್ದಾರೆ. ಒಂದು ಸಲ ಮನೆಯ ವೈರಿಂಗನ್ನೂ ಹಿತ್ತಿಲ ಹುಳುಮನೆಯ ವೈರಿಂಗನ್ನೂ ನೋಡಿಸಲು ಭಾವನನ್ನು ಕರೆಸಿದರು. ಐನೂರು ಕೊಟ್ಟಾಯಿತು. ಭಾವ ಒಂದೊಂದೇ ಕೋಣೆ ನೋಡುತ್ತ “ಸರಿಯಾಗಿದೆ, ಸರಿಯಾಗಿದೆ” ಅನ್ನುತ್ತಿದ್ದ ಹಾಗೆ ಯಜಮಾನರ ಮುಖ ಸಪ್ಪಗಾಗತೊಡಗಿತು. ಎಲ್ಲ ಸರಿಯಾಗಿದ್ದರೆ ಐನೂರೂ ಹೋಯಿತಲ್ಲ! ಮೆಲ್ಲಗೆ ಹಿತ್ತಿಲಿಗೆ ಹೋಗಿ, ಮೇನ್ ಆಫ್ ಮಾಡಿ, ಹುಳುಮನೆಯ ಬಲ್ಬಿನ ವೈರನ್ನು ತಾವೇ ಕಿತ್ತು ನೇತಾಡಿಸಿ ಬಂದುಬಿಟ್ಟರು. ಆಮೇಲೆ ನೋಡಬೇಕು ಅವರ ಸಂಭ್ರಮ. “ಅಯ್ಯೋ ಬನ್ನಿ ಸ್ವಾಮಿ, ಇಲ್ಲಿ ಕೆಟ್ಟೋಗಿದೆ! ಇನ್ನೂರೈವತ್ತು ವಾಪಸ್ ಕೊಡಿ!”

ಭಾವ ಕನ್ನಡಕ ಏರಿಸಿ ವೈರಿನ ತುದಿಯನ್ನು ನೋಡಿದರು. “ಇದು ಕೆಟ್ಟಿರೋದಲ್ಲ ಗೌಡ್ರೇ, ಕೆಡಿಸಿರೋದು. ಇದಕ್ಕೆ ಏಳ್ನೂರೈವತ್ತು!”

ಕೊಟ್ಟರು ಕೂಡ. ಈಗಲೂ ವರ್ಷಕ್ಕೊಮ್ಮೆ ಭಾವನನ್ನೇ ಕರೆಸುತ್ತಾರೆ. ಆದರೆ ಭಾವ ಕೆಲಸ ಮುಗಿಸುವ ತನಕ ಯಜಮಾನರನ್ನು ಕುರ್ಚಿಯಿಂದ ಏಳಲು ಬಿಡುವುದಿಲ್ಲ.

ಮಠದ ಬೀದಿಯ ಅಜ್ಜಿಯೊಬ್ಬರಂತೂ ಐನೂರು ಎಂದದ್ದೇ ಬಾಯಿಯ ಮೇಲೆ ಕೈಯಿಟ್ಟುಕೊಂಡರು. “ಏಂ ನಾಯ್ನಾ, ಚೂಸೇದಾನಿಕೂ ದುಡ್ಲಾ?” ನೋಡುವುದಕ್ಕೂ ದುಡ್ಡೇ ಎಂದು ತೆಲುಗಿನಲ್ಲಿ ಕೇಳಿ, ಸಾಲದೆಂದು ಕನ್ನಡಕ್ಕೂ ಬಂದರು. “ಹೆಣ್ಣು ನೋಡೋಕೆ ಬಂದೋರು ಉಪ್ಪಿಟ್ಟು ತಿಂದು ಕಾಫಿ ಕುಡಿದು ಹೋಗ್ತಾರಪ್ಪ. ಐನೂರು ಕೊಡಿ ಅಂತ ಯಾರೂ ಕೇಳಲ್ಲ!”

“ಅದಕ್ಕೇ ಅಜ್ಜಿ,” ಅಂದರಂತೆ ಭಾವ. “ಅವರು ಉಪ್ಪಿಟ್ಟು ತಿಂದು ಹುಡುಗಿ ಲಕ್ಷಣವಾಗಿದಾಳೆ ಅಂದು ಹೋಗಿ, ಆಮೇಲೆ ಫೋನಲ್ಲಿ ಬೇಡ ಅಂತಾರೆ. ನಾನು ಮುಖದ ಮೇಲೇ ಹೇಳ್ತೀನಿ.”

ಅದು ನಿಜ. ನೋಡಲು ಹೋದ ಮನೆಯಲ್ಲಿ ಭಾವ ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ. ಮನೆಯಿಂದಲೇ ಬಾಟಲಿ ಒಯ್ಯುತ್ತಾರೆ. ಕಾಫಿ ಕುಡಿದ ಬಾಯಲ್ಲಿ ಬೈಯಲು ಆಗುವುದಿಲ್ಲವಂತೆ! ಹಾಗಾದರೆ ಬೈಯಲೇಬೇಕೆಂದು ಇವರಿಗೆ ಯಾರಪ್ಪಾ ಹೇಳಿದರು?

ಹೀಗೆ ಊರವರ ಪಾಡು ನೋಡಿ ನಗುತ್ತಿದ್ದ ನಾನು ಹೋದ ವರ್ಷ ಮನೆ ಕಟ್ಟಿಸಿದೆ. ವೈರಿಂಗನ್ನು ಭಾವನಿಗೆ ಕೊಡೋಣವೆಂದರೆ ಅಮ್ಮ ಒಪ್ಪಲಿಲ್ಲ. ಅಳಿಯನ ಕೈಯಲ್ಲಿ ಗೋಡೆ ಕೊರೆಸುವುದೇ? ನಾಲ್ಕು ಜನ ಏನಂದಾರು? ನಾನು ನರಸಾಪುರದ ಒಂದು ಕಂಪನಿಯಲ್ಲಿ ಶಿಫ್ಟು ಕೆಲಸ ಮಾಡುವವನು. ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನವನು ಹೇಳಿದ ಯಾರೋ ಒಬ್ಬನಿಂದ ಅಗ್ಗದಲ್ಲಿ ಕೆಲಸ ಮುಗಿಸಿದೆ. ಶುಕ್ರವಾರ ಗೃಹಪ್ರವೇಶ. ಬುಧವಾರ ಬೆಳಿಗ್ಗೆ ಭಾವ ಚೀಲ ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷರಾದರು. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು!

“ಐನೂರು ಕೊಡು.”

“ಭಾವ, ಇದು ನಿಮ್ಮ ಅತ್ತೆ ಮನೆ!”

“ಅದಕ್ಕೇ ಕೇಳ್ತಿರೋದು.”

ಅಮ್ಮ ಒಳಗಿನಿಂದ ಬಂದಳು. “ಅಳಿಯಂದಿರೇ, ಮಗಳನ್ನೇ ಕೊಟ್ಟಿದೀವಿ. ಇನ್ನು ಐನೂರೂ ಕೊಡಬೇಕಾ?”

“ಅದು ಬೇರೆ ಖಾತೆ ಅತ್ತೆ,” ಎಂದರು ಭಾವ, ಮುಖದ ಒಂದು ಗೆರೆಯೂ ಅಲ್ಲಾಡದೆ. ಗೃಹಪ್ರವೇಶಕ್ಕೆಂದು ಮೊದಲೇ ಬಂದಿದ್ದ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಮ್ಮ ಡಬ್ಬಿಯಿಂದ ಐನೂರರ ನೋಟು ತಂದು ಕೊಟ್ಟಳು.

ಆಮೇಲೆ ಮೂರು ಗಂಟೆ ನಮ್ಮ ಮನೆಯಲ್ಲಿ ಕೇಳಿಸಿದ್ದು ಒಂದೇ ಶಬ್ದ, “ಥೂ!” ಒಂದೊಂದು ಸ್ವಿಚ್ ಬೋರ್ಡ್ ಬಿಚ್ಚಿದಾಗಲೂ ಒಂದೊಂದು. ಕೊನೆಗೆ ಬಚ್ಚಲುಮನೆಯಿಂದ ಯಾವ ಶಬ್ದವೂ ಬರಲಿಲ್ಲ. ಹೋಗಿ ನೋಡಿದರೆ ಭಾವ ಗೀಸರಿನ ಪ್ಲಗ್ ಹಾಕುವ ಜಾಗವನ್ನು ಬಿಚ್ಚಿ ನಿಂತಿದ್ದರು. ಮೂರು ತೂತಿದ್ದವು, ಎರಡಕ್ಕೇ ವೈರು. ಕರೆಂಟು ಸೋರಿದರೆ ನೆಲಕ್ಕೆ ಇಳಿಸಬೇಕಾದ ಅರ್ಥ್ ವೈರೇ ಇರಲಿಲ್ಲ. ಭಾವ ಸೀಮೆಸುಣ್ಣದಲ್ಲಿ ಗೋಡೆಯ ಮೇಲಿಂದ ಕೆಳಗೆ ಒಂದು ಗೆರೆ ಎಳೆದರು.

“ಒಡೀಬೇಕು.”

ನನ್ನ ಪಿತ್ತ ನೆತ್ತಿಗೇರಿತು. ಆ ಟೈಲ್ಸನ್ನು ನಾನು ಮೂರು ಊರು ಸುತ್ತಿ ಆರಿಸಿದ್ದೆ, ಅಂಥದ್ದು ಇನ್ನೊಂದು ಸಿಗುವುದಿಲ್ಲ ಎಂದು ಅಂಗಡಿಯವನೇ ಹೇಳಿದ್ದ. ಅದೂ ಅಲ್ಲದೆ, ಜೀವನವಿಡೀ ಹಂಡೆಯ ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡ ಅಮ್ಮ, ಗೀಸರಿನ ಬಿಸಿನೀರಿನಲ್ಲಿ ಮೊದಲ ಸ್ನಾನ ತನ್ನದೇ ಎಂದು ಊರಿಗೆಲ್ಲ ಸಾರಿದ್ದಳು. ಶುಕ್ರವಾರ ಬೆಳಗಿನ ಜಾವ ತಲೆಗೆ ನೀರು ಹಾಕಿಕೊಂಡೇ ಹಾಲುಕ್ಕಿಸುವವಳಿದ್ದಳು.

“ನಾಡಿದ್ದು ಗೃಹಪ್ರವೇಶ ಭಾವ! ನೆಂಟರೆಲ್ಲ ಬರ್ತಾರೆ. ಅದು ಮುಗೀಲಿ, ಆಮೇಲೆ ನೋಡ್ಕೊಳ್ಳೋಣ. ಐನೂರೂ ನೀವೇ ಇಟ್ಕೊಂಡು ಹೊರಡಿ!”

ಭಾವ ಹೊರಡಲಿಲ್ಲ. ಅಲ್ಲೇ ಇದ್ದ ಬಕೆಟ್ಟನ್ನು ಬೋರಲು ಹಾಕಿ ಕುಳಿತರು.

“ಶ್ರೀನಿವಾಸಪುರದಲ್ಲಿ ನನ್ನ ತಂಗಿ ಮನೆ ಕಟ್ಟಿಸಿದ್ಳಲ್ಲ, ಅದರ ಗೃಹಪ್ರವೇಶಕ್ಕೆ ಹೋಗಿದ್ದೆ. ತವರಿನೋನು ಅಂತ ಸೀರೆ ತಗೊಂಡು. ಊಟಕ್ಕೆ ಮುಂಚೆ ಬಚ್ಚಲಲ್ಲಿ ಕೈ ತೊಳೆಯೋಕೆ ಹೋದೆ. ನಲ್ಲಿ ಮುಟ್ಟಿದ್ರೆ ಜುಮ್ ಅಂತು ಕಣೋ. ಸಣ್ಣಕ್ಕೆ. ನಂಗೆ ಗೊತ್ತಾಯ್ತು. ಹೊಸ ಮನೆ, ಶುಭ ದಿನ, ಹೇಳಿದ್ರೆ ಬೀಗರು ಏನಂದ್ಕೋತಾರೋ ಅಂತ ಸುಮ್ನೆ ಬಂದು ಎಲೆ ಮುಂದೆ ಕೂತೆ. ಮನೆ ಬಹಳ ಚೆನ್ನಾಗಿದೆ ಅಂದೆ. ಒಬ್ಬಟ್ಟು ಎರಡು ಸಲ ಹಾಕಿಸ್ಕೊಂಡೆ.” ಭಾವ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. “ನೆಂಟ ಆಗಿ ಹೋಗಿದ್ದೆ. ಕೂಲಿಯವನಾಗಿ ಹೋಗಿದ್ರೆ ಬಾಯಿ ಬರ್ತಿತ್ತು.”

ಅವರ ತಂಗಿ ಅದೇ ಬಚ್ಚಲಲ್ಲಿ ಕರೆಂಟು ಹೊಡೆದು ತೀರಿಕೊಂಡದ್ದು ನಮಗೆಲ್ಲ ಗೊತ್ತಿತ್ತು. ಭಾವ ಅದಕ್ಕೆ ಮೊದಲು ಆ ನಲ್ಲಿಯನ್ನು ಮುಟ್ಟಿದ್ದರೆಂಬುದು ಅಕ್ಕನಿಗೂ ಗೊತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅವಳ ಮುಖ ನೋಡಿಯೇ ನನಗೆ ತಿಳಿಯಿತು. ನನಗೆ ನಾಚಿಕೆಯಾಯಿತು. ಸುತ್ತಿಗೆಯನ್ನು ಚೀಲದಿಂದ ತೆಗೆದು ನಾನೇ ಅವರ ಕೈಗೆ ಕೊಟ್ಟೆ.

ಆರು ಟೈಲ್ಸ್ ಹೋದವು. ಗುರುವಾರ ಸಂಜೆಯ ಹೊತ್ತಿಗೆ ಹೊಸ ವೈರು ಗೋಡೆಯೊಳಗೆ ಇಳಿದು ಹೊರಗಿನ ಅರ್ಥ್ ಗುಂಡಿ ಸೇರಿತು. ಬೇರೆ ಬಣ್ಣದ ಆರು ಟೈಲ್ಸ್ ಅಂಟಿಸಿದ್ದಾಯಿತು. ಭಾವ ಕೈ ತೊಳೆದು, ಅಮ್ಮನ ಕೈಗೆ ಇನ್ನೂರೈವತ್ತು ವಾಪಸ್ಸಿಟ್ಟು, ಆಮೇಲೆ ಕಾಫಿ ಕೇಳಿದರು.

ಶುಕ್ರವಾರ ಬೆಳಗಿನ ಜಾವ ಪೂಜೆಯ ಐನೋರು ಬಂದು ಕುಳಿತು ಹೊತ್ತಾಗಿತ್ತು. ಅಳಿಯಂದಿರನ್ನು ಕರೀರಿ ಎಂದು ಎರಡು ಸಲ ಕೂಗಿದರು. “ಎಲ್ಲಿ ಹೋದ್ರೋ ಈ ಮನುಷ್ಯ!” ಎಂದು ಅಕ್ಕ ಮನೆಯೆಲ್ಲ ಹುಡುಕುತ್ತಿದ್ದಳು. ನಾನು ಹೊರಗೆ ಬಂದು ನೋಡಿದೆ. ಮನೆಯ ಪಕ್ಕದ ಓಣಿಯಲ್ಲಿ ಭಾವ ರೇಷ್ಮೆ ಪಂಚೆಯುಟ್ಟು, ಹಣೆಗೆ ಕುಂಕುಮವಿಟ್ಟುಕೊಂಡು, ಮೀಟರ್ ಬೋರ್ಡಿನ ಮುಂದೆ ನಿಂತಿದ್ದರು. ಬಲಗೈ ಮೇನ್ ಸ್ವಿಚ್ಚಿನ ಮೇಲಿತ್ತು. ಬಚ್ಚಲಿನ ಕಿಟಕಿಯಿಂದ ಅಮ್ಮ ನೀರು ಹುಯ್ದುಕೊಳ್ಳುವ ಸದ್ದು ಬರುತ್ತಿತ್ತು.

“ಐನೋರು ಕರೀತಿದಾರೆ ಭಾವ.”

“ಅತ್ತೆ ಹೊರಗೆ ಬರ್ಲಿ.”

“ನೀವೇ ಸರಿ ಮಾಡಿದ್ದೀರಲ್ಲ?”

“ಮಾಡಿದೀನಿ.”

ಕೈ ಅಲ್ಲಿಂದ ಕದಲಲಿಲ್ಲ. ಈ ಮನುಷ್ಯನನ್ನು ನೋಡಿ ಇಷ್ಟು ವರ್ಷ ನಕ್ಕಿದ್ದೆನಲ್ಲ ಎಂದು ಸಂಕಟವಾಯಿತು. ಐನೋರಿಗೆ ಐದು ನಿಮಿಷ ತಡೆಯಿರಿ ಎಂದು ಕೂಗಿ ಹೇಳಿ, ಭಾವನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತೆ. ಒಳಗೆ ಅಮ್ಮ ಏನೋ ದೇವರ ನಾಮ ಹೇಳಿಕೊಳ್ಳುತ್ತ ಚೊಂಬಿನ ಮೇಲೆ ಚೊಂಬು ಸುರಿದುಕೊಳ್ಳುತ್ತಿದ್ದಳು. ಬಚ್ಚಲಿನ ಚಿಲಕ ತೆಗೆದ ಸದ್ದು ಕೇಳಿಸಿದ ಮೇಲೆ ಭಾವ ಕೈ ಇಳಿಸಿದರು.