ಮಿಣುಕು ಎಂಬ ನನ್ನ ಸವತಿ

ಹೊಟ್ಟೆಕಿಚ್ಚೆಂದರೇನೆಂದೇ ಗೊತ್ತಿಲ್ಲ ಎನ್ನುವ ಹೆಂಗಸರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲಿಗೇ ಓದು ನಿಲ್ಲಿಸಿ. ನಿಮಗೂ ನನಗೂ ಸರಿಹೋಗುವುದಿಲ್ಲ. ನನಗೆ ಚೆನ್ನಾಗಿ ಗೊತ್ತು. ನನ್ನಲ್ಲಿ ಅದು ಅಕ್ಕಪಕ್ಕದ ಮನೆಗಳಿಗೂ ಹಂಚುವಷ್ಟು ಧಾರಾಳವಾಗಿದೆ.

ನಮ್ಮವರು ವಿಮಾ ಕಚೇರಿಯಲ್ಲಿ ಗುಮಾಸ್ತರು. ಅದು ಹಗಲಿನ ವೇಷ. ಸಂಜೆ ಮನೆಗೆ ಬಂದು ಷರಟು ಬದಲಾಯಿಸಿದ ಮೇಲೆ ಅವರು ಹಳೇ ಕಂಪ್ಯೂಟರುಗಳ ಆಪದ್ಬಾಂಧವರು. ಹಳೇ ಎಂದರೆ ಹೋದ ವರ್ಷದ್ದಲ್ಲ. ಇವರು ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಮನೆಮನೆಗೆ ಬಂದು, ಇವರಿಗೆ ಮೀಸೆ ಬರುವಷ್ಟರಲ್ಲಿ ಮಾಯವಾದ ಪೆಟ್ಟಿಗೆಗಳು. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಕಂಪ್ಯೂಟರು, ಪರದೆಗೆ ಮನೆಯ ಟಿ.ವಿ.ಯೇ ಗತಿ. ಒಂದು ಆಟ ಆಡಬೇಕೆಂದರೂ ಕ್ಯಾಸೆಟ್ಟು ಹಾಕಿ, ಅದು ಕೀಂಯ್ ಕರ್ರ್ ಎಂದು ಕಿರುಚುವುದನ್ನು ಭಕ್ತಿಯಿಂದ ಕೇಳುತ್ತಾ ಕೂರಬೇಕು. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಬಿಡಿಭಾಗ ಸಿಗುವುದಿಲ್ಲ, ರಿಪೇರಿಯವರು ಮುಟ್ಟುವುದಿಲ್ಲ. ಆದರೂ ಅಲ್ಲೊಬ್ಬರು ಇಲ್ಲೊಬ್ಬರು ಅದನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಮತ್ತೆ ಜೀವ ಬರಿಸಿ ಮುದ್ದಾಡುತ್ತಾರೆ. ಅಂಥವರದೊಂದು ಬಳಗ, ಬಳಗಕ್ಕೊಂದು ಜಾಲತಾಣ. ಯಾರ ಪೆಟ್ಟಿಗೆ ಕೆಟ್ಟರೂ ಅಲ್ಲಿ ಬಂದು ಗೋಳು ತೋಡಿಕೊಳ್ಳುತ್ತಾರೆ, 'ಪೆಟ್ಟಿಗೆ ವೈದ್ಯ' ಎಂಬ ಹೆಸರಿನಲ್ಲಿ ಪರಿಹಾರ ಬರುತ್ತದೆ.

ಈ ವೈದ್ಯ ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೆಸರಿನ ಪಕ್ಕದ ಚಿತ್ರದಲ್ಲಿದ್ದದ್ದು ನಮ್ಮ ಮನೆಯ ಮೇಜು, ಅದರ ಹಿಂದೆ ನಾನೇ ಹೊಲಿದ ಹಳದಿ ಪರದೆ.

ಇನ್ನು ನಮ್ಮವರ ಮಾತಿನ ವೈಭವ ಕೇಳಿ. "ರೀ, ಈ ಬಟ್ಟೆ ನನಗೆ ಒಪ್ಪುತ್ತಾ?" ಎಂದರೆ "ಹ್ಞೂಂ." "ಒಪ್ಪಲ್ವಾ?" ಎಂದರೂ "ಹ್ಞೂಂ." ಮನೆಗೆ ಬೆಂಕಿ ಬಿದ್ದಿದೆ ಎಂದು ಒಮ್ಮೆ ಪರೀಕ್ಷೆಗೆಂದೇ ಹೇಳಿದೆ. ಬೆಸುಗೆ ಹಾಕುವ ಕಡ್ಡಿಯಿಂದ ಕಣ್ಣೆತ್ತದೆ "ಆಮೇಲೆ ನೋಡೋಣ" ಎಂದರು. ಇಂಥ ಮೌನಿಬಾಬಾ ಆ ತಾಣದಲ್ಲಿ ಯಾವಳೋ ಒಬ್ಬಳಿಗೆ ಬರೆದದ್ದನ್ನು ನನ್ನ ಈ ಎರಡೂ ಕಣ್ಣುಗಳಿಂದ ಓದಿದೆ: "ಗಾಬರಿ ಬೇಡ. ಮೊದಲು ಒಂದು ಲೋಟ ನೀರು ಕುಡಿಯಿರಿ. ಪೆಟ್ಟಿಗೆ ನಲವತ್ತು ವರ್ಷ ಕಾದಿದೆ, ಇನ್ನು ಹತ್ತು ನಿಮಿಷ ಕಾಯುತ್ತದೆ. ನಿಮ್ಮ ಕೈಯಲ್ಲಿ ಆಗುತ್ತದೆ, ನಾನಿದ್ದೇನೆ." ಅದಕ್ಕೆ ಅವಳ ಉತ್ತರ: "ನಿಮ್ಮ ಮಾತು ಕೇಳಿದರೆ ಪೆಟ್ಟಿಗೆಗಿಂತ ಮೊದಲು ಮನಸ್ಸು ರಿಪೇರಿಯಾಗುತ್ತದೆ."

ನಾನಿದ್ದೇನೆ ಅಂತೆ. ಮದುವೆಯಾದಂದಿನಿಂದ ಇವರು ಇದ್ದಾರೋ ಇಲ್ಲವೋ ಎಂದು ನಾನು ಮುಟ್ಟಿ ನೋಡಿಕೊಂಡು ಬಾಳುತ್ತಿದ್ದೇನೆ. ಇಲ್ಲಿ ನೋಡಿದರೆ ಕಂಡವರಿಗೆಲ್ಲ ಇದ್ದಾರೆ. ಆ ದಿನ ನನ್ನ ಹೊಲಿಗೆ ಅಂಗಡಿಯಲ್ಲಿ ಒಬ್ಬರ ತೋಳು ಇನ್ನೊಬ್ಬರ ಅಂಗಿಗೆ ಹೊಲಿದುಬಿಟ್ಟೆ.

ಜಗಳ ಆಡಬಹುದಿತ್ತು. ಆದರೆ "ಹ್ಞೂಂ" ಎನ್ನುವವರ ಜತೆ ಜಗಳ ಆಡಿದರೆ ಬಾಯಿ ನೋಯುವುದೊಂದೇ ಲಾಭ. ಆ ಸವಿಮಾತು ಬೇಕಾದರೆ ಹೆಂಡತಿಯಾಗಿ ಕೇಳಿ ಪ್ರಯೋಜನವಿಲ್ಲ, ಕೆಟ್ಟ ಪೆಟ್ಟಿಗೆಯ ಒಡತಿಯಾಗಿ ಕೇಳಬೇಕು ಎಂಬ ದಿವ್ಯಜ್ಞಾನ ನನಗಾಯಿತು. ಅಣ್ಣನ ಮನೆಯ ಅಟ್ಟದಲ್ಲಿ ಅಂಥದ್ದೊಂದು ಪೆಟ್ಟಿಗೆ ಬಿದ್ದಿತ್ತು. "ಗುಜರಿಯವನಿಗೆ ಕೊಡೋ ಬದಲು ನನಗೆ ಕೊಡೋ" ಎಂದೆ. "ನಿಮ್ಮ ಮನೇಲಿರೋದು ಸಾಲದೇನೇ?" ಎಂದು ಕನಿಕರದಿಂದ ನೋಡಿ ಕೊಟ್ಟ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಗಂಟುಗಳ ನಡುವೆ, ಹಳೇ ಟಿ.ವಿ.ಗೆ ಅದನ್ನು ಜೋಡಿಸಿದೆ. ಪರದೆ ಮಿಣಮಿಣ ಎಂದಿತೇ ಹೊರತು ಒಂದಕ್ಷರ ಮೂಡಲಿಲ್ಲ. 'ಮಿಣುಕು' ಎಂಬ ಹೆಸರಿಟ್ಟುಕೊಂಡು ವೈದ್ಯರಿಗೆ ಬರೆದೆ.

ನಡು ಮಧ್ಯಾಹ್ನವೇ ಉತ್ತರ ಬಂತು (ಕಚೇರಿ ಕೆಲಸ ಬಿಟ್ಟು! ನಾನು ಫೋನು ಮಾಡಿದರೆ "ಮೀಟಿಂಗು"). "ಹೆದರಬೇಡಿ ಮಿಣುಕು. ಪ್ಲಗ್ಗು ಕಿತ್ತು, ಮುಚ್ಚಳ ತೆಗೆಯಿರಿ. ಒಳಗಿರುವ ಕರೀ ಚಿಪ್ಪುಗಳು ಕಾದು ಆರಿ, ಕಾದು ಆರಿ, ಕೂತ ಜಾಗದಿಂದ ಮೇಲೆದ್ದಿರುತ್ತವೆ. ಒಂದೊಂದನ್ನೂ ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೊತ್ತಿ. ಸಿಟ್ಟಿನಲ್ಲಿ ಬೇಡ." ಒತ್ತಿದೆ. ಕಟಕ್ ಕಟಕ್ ಎಂದು ಕೂತವು. ಸ್ವಿಚ್ಚು ಹಾಕಿದರೆ ನೀಲಿ ಪರದೆಯ ಮೇಲೆ ಬೆಳ್ಳಗೆ ಅಕ್ಷರ ಬಂತು ನೋಡಿ, ನನಗೆ ಕಣ್ಣಲ್ಲಿ ನೀರೇ ಬಂತು. ಹೇಳಿದೆ. "ಭೇಷ್. ಮೊದಲ ಸಲ ನನಗೂ ಕಣ್ಣೀರು ಬಂದಿತ್ತು" ಎಂದು ಉತ್ತರ.

ಅಲ್ಲಿಂದ ದಿನವೂ ಮಾತು. ಕ್ಯಾಸೆಟ್ಟು ಓದುವ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವುದು, ಅದರ ಪಕ್ಕದ ಪುಟ್ಟ ತಿರುಪನ್ನು ಕಿರುಚಾಟ ಚುರುಕಾಗುವವರೆಗೆ ತಿರುಗಿಸುವುದು, ಎಲ್ಲ ಕಲಿತೆ. ಕಲಿಯುತ್ತಾ ಕಲಿಯುತ್ತಾ ಮನೆಯ ಮಾತೂ ಬಂತು. ಹೆಂಡತಿಯ ಬಾಯಲ್ಲಿ ಕೇಳದ್ದನ್ನು ಮಿಣುಕಿನ ಬಾಯಲ್ಲಾದರೂ ಕೇಳಲಿ ಎಂದು ನಾನೇ ಶುರುಮಾಡಿದೆ.

ಇಲ್ಲಿ ನಮ್ಮತ್ತೆಯ ವಿಷಯ ಹೇಳಬೇಕು. ಅವರೂ ನಮ್ಮ ಜತೆಗೇ ಇರುವುದು. ನಮ್ಮಿಬ್ಬರ ಮಾತುಕತೆಯೆಲ್ಲ ಪಾತ್ರೆಗಳ ಮೂಲಕ. ನಾನಿಟ್ಟ ಪಾತ್ರೆಯನ್ನು ಅವರು ಬೇರೆ ಕಡೆ ಇಡುವುದು, ನಾನು ಅದನ್ನು ಢಣಾರೆಂದು ಮೊದಲಿನ ಜಾಗಕ್ಕೆ ತರುವುದು. ಇದನ್ನೇ ವೈದ್ಯರಿಗೆ ಬರೆದೆ: "ನಮ್ಮತ್ತೆ ನನ್ನ ಅಡುಗೆಮನೆಯಲ್ಲಿ ಒಂದು ಚಮಚವನ್ನೂ ಇದ್ದಲ್ಲಿ ಇರಗೊಡುವುದಿಲ್ಲ." ಉತ್ತರ ಓದಿ ಪುಳಕವಾಯಿತು. "ಅಯ್ಯೋ ಪಾಪ. ಅಂಥ ಮುದುಕಿಯ ಜತೆ ಹೇಗೆ ಏಗುತ್ತೀರಿ? ಸುಮ್ಮನಿದ್ದರೆ ತಲೆಯ ಮೇಲೆ ಕೂರುತ್ತಾರೆ. ಮುಖಕ್ಕೆ ಹೇಳಿಬಿಡಿ."

ಹೆತ್ತ ತಾಯಿಯ ಬಗ್ಗೆ ಇಷ್ಟು ನಿಷ್ಪಕ್ಷಪಾತ! ಗಂಡನೇ ಅನುಮತಿ ಕೊಟ್ಟ ಮೇಲೆ ಇನ್ನೇನು? ಅಂದೇ ಸಂಜೆ ಅಡುಗೆಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತೆ.

"ಅತ್ತೆ, ಇನ್ಮೇಲೆ ನಾನಿಟ್ಟ ಪಾತ್ರೆ ನೀವು ಮುಟ್ಟಬೇಡಿ."

"ಇದೇನೇ ಹೊಸ ರಾಗ? ಯಾರು ಹೇಳಿಕೊಟ್ರು ನಿನಗೆ?"

"ತಿಳಿದವರು ಹೇಳಿಕೊಟ್ರು."

"ಆ ತಿಳಿದವರಿಗೆ ಮಾಡೋಕೆ ಬೇರೆ ಕೆಲಸ ಇಲ್ವಾ? ನನ್ನ ಕೈಗೆ ಸಿಕ್ಕಲಿ, ಕೇಳ್ತೀನಿ."

ಮೇಜಿನ ಮುಂದೆ ಕೂತಿದ್ದ ನಮ್ಮವರ ಕಡೆ ಕೃತಜ್ಞತೆಯಿಂದ ನೋಡಿದೆ. ಏನೂ ಅರಿಯದವರಂತೆ ಬೆಸುಗೆ ಹಾಕುತ್ತಿದ್ದರು. ಎಂಥ ಅಭಿನಯ ಎಂದುಕೊಂಡೆ.

ಮರುದಿನ ವೈದ್ಯರಿಂದ ಬಂದದ್ದು ಇದು: "ಇವತ್ತು ಮನಸ್ಸು ಸರಿಯಿಲ್ಲ ಮಿಣುಕು. ನಮ್ಮನೆಯಲ್ಲೂ ಒಬ್ಬಳಿದ್ದಾಳೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಿನ್ನೆ ಸುಮ್ಮಸುಮ್ಮನೆ ಏರಿ ಬಂದಳು. ಅವಳ ಬದಲು ನಿಮ್ಮಂಥವರು ಈ ಮನೆಗೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ಮಿಣುಕು ನಾನೇ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅವಳ ಜುಟ್ಟು ಹಿಡಿದು ಎಳೆಯಬೇಕೆನ್ನಿಸಿತು. ನನ್ನಲ್ಲಿಲ್ಲದ್ದು ಅವಳಲ್ಲೇನಿತ್ತು? ಇವರ ಬಟ್ಟೆ ಒಗೆದಳೇ? ಇವರ ಗೊರಕೆ ಕೇಳಿದಳೇ? ಕೆಟ್ಟ ಪೆಟ್ಟಿಗೆ ಒಂದಿಟ್ಟುಕೊಂಡು ನನ್ನ ಸಂಸಾರದೊಳಕ್ಕೆ ಕಾಲಿಟ್ಟಳು, ಸವತಿ! ಅವಳನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ ಸಾಕಿದವಳೂ ನಾನೇ ಎಂಬುದು ಇನ್ನೊಂದು ಸಂಕಟ. ಹಾಗಾದರೆ ಹಾಗೆಯೇ ಆಗಲಿ, ಕಳ್ಳನನ್ನು ಕೈಯಾರೆ ಹಿಡಿಯೋಣ ಎಂದು ಹಲ್ಲು ಕಚ್ಚಿ, ನಯವಾಗಿ ಬರೆದೆ: "ನನ್ನ ಪೆಟ್ಟಿಗೆಯ ಒಂದು ಕೀ ಮುರಿದಿದೆ. ನೀವೇ ತಂದುಕೊಡುತ್ತೀರಾ? ನಿಮ್ಮನ್ನು ನೋಡಬೇಕು." ಕೂಡಲೇ ಉತ್ತರ: "ನನಗೂ ನೋಡುವಾಸೆ. ಭಾನುವಾರ ಸಂಜೆ ನಾಲ್ಕಕ್ಕೆ, ಬಸ್ ನಿಲ್ದಾಣದ ಎದುರಿನ ಚಹಾ ಅಂಗಡಿ."

ಭಾನುವಾರ ಊಟವಾದ ಮೇಲೆ ನಮ್ಮವರು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡರು. ಆಮೇಲೆ ಹೋಗಿ ಮಲಗಿಕೊಂಡರು. ನಾಟಕ ಗೊತ್ತಿಲ್ಲವೇ ನನಗೆ? ಅಂಗಡಿಯಲ್ಲಿ ಅರ್ಜೆಂಟು ಹೊಲಿಗೆಯಿದೆ ಎಂದು ಹೇಳಿ ಮೊದಲೇ ಹೊರಟೆ. ಚಹಾ ಅಂಗಡಿಯ ಮೂಲೆಯ ಮೇಜು ಹಿಡಿದು, ಬಾಗಿಲ ಕಡೆ ಕಣ್ಣು ನೆಟ್ಟು, ಬೈಯಬೇಕಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತೆ.

ಬಾಗಿಲು ತೆರೆಯಿತು. ಬಂದವರು ಅತ್ತೆ. ಒಳ್ಳೆಯ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ತಲೆ.

"ನೀನೇನೇ ಇಲ್ಲಿ? ಹೊಲಿಗೆ ಇದೆ ಅಂದೆ?"

"ದಾರ ಮುಗೀತು. ನೀವೇನು?"

"ಕಾಲು ಹಿಡ್ಕೊಂಡಿತ್ತು, ನಡೆಯೋಣ ಅಂತ ಬಂದೆ."

ನಡೆಯಲು ಬಂದವರು ಇನ್ನೊಂದು ಮೂಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟರು. ನನಗೆ ಹೊಳೆಯಿತು: ಮಗ ಸಿಕ್ಕಿಬೀಳಬಾರದೆಂದು ತಾಯಿ ಕಾವಲಿಗೆ ಬಂದಿದ್ದಾರೆ. ನಾನು ಬನ್ನು ತರಿಸಿದೆ. ಅವರೂ ಬನ್ನು ತರಿಸಿದರು. ನಾನು ಬಾಗಿಲು ನೋಡಿದರೆ ಅವರೂ ಬಾಗಿಲು ನೋಡುತ್ತಾರೆ. ಚಹಾದವನು ನಮ್ಮಿಬ್ಬರನ್ನೂ ನೋಡುತ್ತಾನೆ. ಅತ್ತೆಯನ್ನು ಕಂಡರೆ ನಮ್ಮವರು ಬಾಗಿಲಿನಿಂದಲೇ ಹಿಂದಿರುಗಿಯಾರು ಎಂದು ಮೇಜಿನ ಕೆಳಗೆ ಮೊಬೈಲು ಹಿಡಿದು ವೈದ್ಯರಿಗೆ ಒತ್ತಿದೆ: "ಈಗಲೇ ಒಳಗೆ ಬರಬೇಡಿ. ನಮ್ಮತ್ತೆ ವಕ್ಕರಿಸಿದ್ದಾರೆ."

ಆ ಮೂಲೆಯಲ್ಲಿ ಟಿಂಗ್ ಎಂದಿತು. ಅತ್ತೆ ಕನ್ನಡಕ ಏರಿಸಿ ಓದಿದರು. ತುರ್ತಾಗಿ ಏನೋ ಒತ್ತಿದರು. ನನ್ನ ಕೈಯಲ್ಲಿ ಟಿಂಗ್ ಎಂದಿತು: "ನಾನು ಒಳಗೇ ಇದ್ದೇನೆ. ನೀವೇ ಹೊರಗಿರಿ. ಇಲ್ಲಿ ನಮ್ಮ ಸೊಸೆ ಬಂದು ಕೂತಿದ್ದಾಳೆ."

ಇಬ್ಬರೂ ಒಟ್ಟಿಗೆ ತಲೆಯೆತ್ತಿದೆವು. ಆ ಹೊತ್ತಿಗೆ ಭೂಮಿ ಬಾಯಿ ಬಿಟ್ಟಿದ್ದರೆ ನಾನೇ ಮುಂದೆ ಹೋಗಿ ಹಾರುತ್ತಿದ್ದೆ. ಅತ್ತೆ ಎದ್ದು ಬಂದು ಎದುರಿಗೆ ಕೂತರು.

"ಅಂಥ ಮುದುಕಿ ಜತೆ ಹೇಗೆ ಏಗ್ತೀಯ ಅಂತ ನಿನ್ನ ಕೇಳಿದ್ದು ನಾನಾ?"

"ಹೌದು ಅತ್ತೆ."

"ಮುಖಕ್ಕೆ ಹೇಳು ಅಂದದ್ದೂ ನಾನೇ."

"ಹೌದು. ನಾನು ಹೇಳಿದೆ."

"ಹೇಳಿದೆ ಬಿಡು, ಚೆನ್ನಾಗೇ ಹೇಳಿದೆ" ಎಂದು ಅತ್ತೆ ಬನ್ನಿನ ಅರ್ಧ ಮುರಿದು ನನ್ನ ತಟ್ಟೆಗಿಟ್ಟರು.

"ಆದ್ರೆ ಅದು ಇವರು ಬರೆಯೋದಲ್ವಾ?"

"ಅವನಾ? ಎರಡು ಸಾಲು ಬರಿ ಅಂದ್ರೆ ಅವನಿಗೆ ಜ್ವರ ಬರುತ್ತೆ. ಆ ಪೆಟ್ಟಿಗೆ ಕೊಂಡುತಂದದ್ದೇ ನಾನು ಕಣೇ, ಇವನಿಗೆ ಲೆಕ್ಕ ಬರಲಿ ಅಂತ. ಇವನು ಆಟ ಆಡ್ದ, ನಾನು ಕಲಿತೆ. ಈಗಲೂ ಬೆಸುಗೆ ಅವನದು, ಮಾತು ನನ್ನದು. ಇಡೀ ದಿನ ಆ ಮನೇಲಿ ನನಗೆ ಮಾತಾಡೋಕೆ ಇನ್ಯಾರಿದ್ರು ಹೇಳು?"

ನಮ್ಮವರು ನನ್ನನ್ನು ವಂಚಿಸಿ ಊರಿಗೆಲ್ಲ ಸವಿಮಾತು ಹಂಚಿರಲಿಲ್ಲ. ಲೋಕದವರಿಗೆಲ್ಲ ಒಂದೇ ಅಳತೆಯಲ್ಲಿ "ಹ್ಞೂಂ" ಎನ್ನುತ್ತಿದ್ದರು. ನಾನು ಅಷ್ಟು ದಿನ ಕಾದು ಕಾದು ಓದಿ, ಅಂಗಡಿಯಲ್ಲಿ ಒಬ್ಬಳೇ ನಕ್ಕು, ನಾಚಿಕೊಂಡದ್ದೆಲ್ಲ ಅತ್ತೆಯ ಮಾತಿಗೆ.

ಆಮೇಲೆ ನಮ್ಮ ಮನೆಯ ಚರಿತ್ರೆಯಲ್ಲಿ ಸುವರ್ಣಯುಗ ಶುರುವಾಯಿತು. ನನ್ನ ಪೆಟ್ಟಿಗೆ ಮನೆಗೆ ಬಂತು. ಅದಕ್ಕೆ ಜಾಗವಾಗಲೆಂದು ನಮ್ಮವರ ಮೇಜನ್ನು ಪಕ್ಕದ ಕೋಣೆಗೆ ನೂಕಿದೆವು. ಸಂಜೆಯಾದರೆ ಅತ್ತೆ ಸೊಸೆ ಲ್ಯಾಪ್‌ಟಾಪಿನ ಮುಂದೆ ಅಕ್ಕಪಕ್ಕ ಕೂತು ಬಳಗದವರ ಗೋಳು ಓದುವುದೇನು, ನಗುವುದೇನು. ಪಾತ್ರೆಗಳು ಎಲ್ಲಿವೆ ಎಂದು ನಮ್ಮಿಬ್ಬರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊಟ ಸ್ವಲ್ಪ ತಡವಾಗತೊಡಗಿತು (ಇವರು ಏನೂ ಅನ್ನಲಿಲ್ಲ, ಅನ್ನುವ ಜಾಯಮಾನವೂ ಅಲ್ಲ).

ಅಷ್ಟರಲ್ಲಿ ಬಂದಳು ನೋಡಿ, 'ಬೆಳದಿಂಗಳು' ಎಂಬ ಹೆಸರಿನ ಮಾಯಾಂಗನೆ. ದಿನಕ್ಕೊಂದು ತೊಂದರೆ ಅವಳದು. ಅತ್ತೆ ನನ್ನನ್ನು ಬಿಟ್ಟು ಬಾಲ್ಕನಿಗೆ ಹೋಗಿ ಅವಳಿಗೆ ಬರೆಯತೊಡಗಿದರು.

"ಯಾರತ್ತೆ ಅವಳು?"

"ಪಾಪ, ಒಂಟಿ ಜೀವ ಕಣೇ. ಮನೇಲಿ ಯಾರೂ ಮಾತಾಡಿಸಲ್ವಂತೆ."

"ನಾನೂ ಹಾಗೇ ಹೇಳಿದ್ದೆ. ಎಲ್ಲರೂ ಹಾಗೇ ಹೇಳ್ತಾರೆ."

"ನಿನ್ನ ಹಾಗಲ್ಲ. ತುಂಬ ಮೃದು ಸ್ವಭಾವ."

ಅಷ್ಟು ಸಾಕಾಯಿತು. ಗಂಡನ ವಿಷಯದಲ್ಲಾದರೂ ಒಂದಿಷ್ಟು ತಾಳ್ಮೆ ತೋರಿಸಿದ್ದೆ, ಅತ್ತೆಯ ವಿಷಯದಲ್ಲಿ ಸಾಧ್ಯವಿರಲಿಲ್ಲ. ಎಷ್ಟು ಕಷ್ಟಪಟ್ಟು ಸಂಪಾದಿಸಿದ ಅತ್ತೆ! ಕೂತಲ್ಲೇ ಮಿಣುಕಿನ ಹೆಸರಿನಲ್ಲಿ ಬೆಳದಿಂಗಳಿಗೆ ಝಾಡಿಸಿದೆ: "ವೈದ್ಯರಿಗೆ ಬೇರೆ ಕೆಲಸವಿದೆ. ಹೊತ್ತಿಲ್ಲ ಗೊತ್ತಿಲ್ಲ, ಇದೆಂಥ ಹರಟೆ ನಿಮ್ಮದು? ನಿಮಗೇನು ಗಂಡ ಇಲ್ಲವೇ?"

ಉತ್ತರ ಬೇಗನೆ ಬಂತು.

"ಗಂಡ ಇಲ್ಲ. ಹೆಂಡತಿ ಇದ್ದಾಳೆ. ಸದ್ಯ ಪಕ್ಕದ ಕೋಣೆಯಲ್ಲಿ ಕೂತು ನಿಮ್ಮ ಹೆಸರಿನಲ್ಲಿ ನನ್ನನ್ನು ಬೈಯುತ್ತಿದ್ದಾಳೆ. ಕೋಪ ಬಂದಾಗ ಅವಳು ಕೀಲಿಗಳನ್ನು ಕುಟ್ಟುವ ಸದ್ದು ಇಲ್ಲಿಗೂ ಕೇಳುತ್ತದೆ, ಕೇಳುವುದಕ್ಕೆ ಹಿತವಾಗಿದೆ. ನಿಮ್ಮ ಮಾತನ್ನಾದರೆ ಕೇಳಿಯಾಳು, ಊಟ ಯಾವಾಗ ಎಂದು ಸ್ವಲ್ಪ ವಿಚಾರಿಸಿ ಹೇಳುತ್ತೀರಾ?"

ಎರಡು ಸಲ ಓದಿದೆ. ಮದುವೆಯಾದ ಮೇಲೆ ಇವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು. ಅದನ್ನೂ ನನಗೆ ಹೇಳಲಿಲ್ಲ, ಮಿಣುಕಿಗೆ ಹೇಳಿದರು.