ಮೇಲಿನಿಂದ ಕಂಡ ಸೂರು

ಭೀಮಾಶಂಕರನ ಕಣ್ಣು ಚುರುಕಾಗಿದ್ದುದೇ ತಪ್ಪಾಯಿತು. ಸೇನೆಯ ವಿಮಾನ ಮೈದಾನದ ಗೋಡೆಗೆ ಊರು ಎಷ್ಟು ಒತ್ತಿಕೊಂಡು ಬಂದಿದೆ ಎಂದು ತಿಳಿಯಲು, ಉಪಗ್ರಹ ತೆಗೆದ ಹೋದ ವರ್ಷದ ಚಿತ್ರದ ಪಕ್ಕ ಈ ವರ್ಷದ್ದನ್ನಿಟ್ಟು, ಹೊಸ ಸೂರಿಗೆಲ್ಲ ಕೆಂಪು ಚುಕ್ಕೆ ಇಡುವುದು ಅವನ ಗುತ್ತಿಗೆ ಕೆಲಸ. ಅಂದು ಬೆಳಿಗ್ಗೆ, ಬೆಳಗಿದ ತಟ್ಟೆಯಂತೆ ಮಿನುಗುವ ತಗಡೊಂದು ಕಂಡಿತು. ಚುಕ್ಕೆ ಇಟ್ಟ. ಸಾಹೇಬರಾದ ಶ್ರೀರಾಮಪ್ಪ ಬೆನ್ನು ತಟ್ಟಿ, ಕಣ್ಣಾರೆ ನೋಡಿಬರೋಣವೆಂದು ಜೀಪು ಹತ್ತಿಸಿದರು.

ಜೀಪು ಇಂದಿರಾನಗರದ ಪಬ್ಬುಗಳ ಸದ್ದು ದಾಟಿ ಹಳೆಯ ಊರಿನ ಗಲ್ಲಿ ಹಿಡಿದಾಗ ಅವನಿಗೆ ಹೊಳೆಯಿತು. ಚುಕ್ಕೆ ಇಟ್ಟ ತಗಡು ಅವನೇ ಬಾಡಿಗೆಗಿದ್ದ ತಾರಸಿ ಕೋಣೆಯದು! ದಿನವೂ ಕೆಳಗೆ ಮಲಗಿ ನೋಡುವ ಸೂರನ್ನು ಮೇಲಿನಿಂದ ಗುರುತಿಸುವುದು ದೇವರಿಗೆ ಮಾತ್ರ ಸಾಧ್ಯ.

ಸಾಹೇಬರು ಟೀ ಕುಡಿಯಲು ಇಳಿದದ್ದೇ ಹೆಂಡತಿ ಉಮಾಶ್ರೀಗೆ ಫೋನು ಹಚ್ಚಿದ. ಅವಳು ಪಕ್ಕದ ಮನೆಯ ವೆಂಕಟಮ್ಮನಿಗೆ ಹೇಳಿದಳು. ವೆಂಕಟಮ್ಮನಿಗೆ ಹೇಳಿದರೆ ಗಲ್ಲಿಗೇ ಡಂಗುರ. ಕೆಳಗಿನ ಮನೆಯ ಶೌಕತ್ ಸಿಲಿಂಡರ್ ಹೊತ್ತೊಯ್ದ, ಪಾತ್ರೆಪಗಡಿ ಮಾಯವಾದವು, ವೆಂಕಟಮ್ಮ ತನ್ನ ಕೋಳಿಗಳನ್ನು ತಂದು ಒಳಗೆ ಬಿಟ್ಟಳು.

ಸಾಹೇಬರು ಮೇಲೆ ಬಂದಾಗ ಕೆಂಪು ಹೇಟೆಯೊಂದು ಭೀಮಾಶಂಕರನ ದಿಂಬಿನ ಮೇಲೆ ಮನೆಯೊಡತಿಯಂತೆ ಕೂತಿತ್ತು.

"ಮನೆ ಎಲ್ಲಿಂದ ಬಂತು ಸಾರ್? ಕೋಳಿಗೂಡು," ಎಂದ ಮಾಲೀಕ ಮುನಿಆಂಜನಪ್ಪ. "ಗೋಡೆಯಾಚೆ ನಮ್ಮ ತಾತನ ರಾಗಿ ಹೊಲ ಇತ್ತು. ಈಗ ಉಳಿದಿರೋದು ಇಷ್ಟೇ."

"ಕೋಳಿಗೂಡಿಗೆ ಫ್ಯಾನ್ ಯಾಕ್ರೀ?"

"ಸೆಕೆ ಆದ್ರೆ ಮೊಟ್ಟೆ ಇಡಲ್ಲ ಸಾರ್," ಎಂದಳು ವೆಂಕಟಮ್ಮ.

ಸಾಹೇಬರು ತಲೆದೂಗಿ, ವರದಿ ಬರೆಯಲು ಭೀಮಾಶಂಕರನಿಗೇ ಹೇಳಿದರು. ಇಲ್ಲಿ ಮನುಷ್ಯರು ವಾಸವಿಲ್ಲ, ಕೋಳಿಗಳು ಮಾತ್ರ ಇವೆ ಎಂದು ಅವನು ಹಿಗ್ಗಿನಿಂದ ಬರೆದು ಸಹಿ ಹಾಕಿದ.

"ಹಾಗಾದ್ರೆ ಸಂಜೆಯೊಳಗೆ ಕಿತ್ತಾಕ್ಸಿ," ಎಂದರು ಸಾಹೇಬರು. "ಕೋಳಿ ಇದ್ರೆ ಹದ್ದು ಬರ್ತವೆ, ಹದ್ದು ಬಂದ್ರೆ ವಿಮಾನಕ್ಕೆ ಅಪಾಯ. ಮನೆ ಆಗಿದ್ರೆ ನೋಟಿಸು, ಕೋರ್ಟು ಅಂತ ಹತ್ತು ವರ್ಷ ಎಳೀಬಹುದಿತ್ತು." ಎದುರಿನ ಐದಂತಸ್ತಿನ ಕಟ್ಟಡ ತೋರಿಸಿದರು. "ಅದು ನೋಡಿ, ನಾನು ಕೆಲ್ಸಕ್ಕೆ ಸೇರಿದಾಗಿಂದ ಕೋರ್ಟಲ್ಲೇ ಇದೆ."

ಸಂಜೆಗೆ ತಗಡು ಕೆಳಗಿಳಿಯಿತು. ದೇಶದ ರಕ್ಷಣೆಗೆ ಸೂರು ಕೊಟ್ಟವರಿಗೆ ಸಿಕ್ಕ ಪರಿಹಾರ, ಹೇಟೆ ದಿಂಬಿನ ಮೇಲಿಟ್ಟು ಹೋದ ಒಂದು ಮೊಟ್ಟೆ. ಉಮಾಶ್ರೀ ಸೂರಿಲ್ಲದ ಗೋಡೆಗಳ ನಡುವೆ ಜೋಳದ ರೊಟ್ಟಿ ಬಡಿಯುತ್ತ ಆಕಾಶ ನೋಡಿ ನಕ್ಕಳು.

"ಈಗ ಮ್ಯಾಲಿಂದ ನೋಡಿದ್ರ ನಾವ ಕಾಣ್ತೀವಲ್ರಿ."

ಭೀಮಾಶಂಕರ ರೊಟ್ಟಿ ಮುರಿದು ಮೊಟ್ಟೆ ಸಾರಿಗೆ ಅದ್ದಿದ. "ಭಾಳ ಹೊತ್ತು ಕುಂದರಬ್ಯಾಡ. ನಿನ್ನ ಮ್ಯಾಲೂ ನಾನ ಚುಕ್ಕಿ ಇಡಬೇಕಾಗ್ತದ."